ಹೆಣದ ಸೈನ್ಯ ಕಟ್ಟೋಕೆ ಯಾವ ಗೇಮ್ ಬೆಸ್ಟು: ಹೀರೋಸ್ 3, ವೆಸ್ನಾತ್, ಟೋಟಲ್ ವಾರ್ ವಾರ್‌ಹ್ಯಾಮರ್

ಫ್ಯಾಂಟಸಿ ಯುದ್ಧದ ಗೇಮ್ ಹೋಲಿಸೋರು ಗ್ರಾಫಿಕ್ಸು, ರೇಟು ಅಂತ ಶುರು ಮಾಡ್ತಾರೆ, ನಾನು ಬೇರೆ ಥರ ನೋಡ್ದೆ, ಮೂರು ಗೇಮಲ್ಲೂ ಒಂದೇ ಪಕ್ಷ ಹಿಡ್ಕೊಂಡು ಆಡ್ದೆ, ಸತ್ತೋರನ್ನ ಎಬ್ಬಿಸಿ ಯುದ್ಧಕ್ಕೆ ಕಳ್ಸೋ ಮಂತ್ರವಾದಿಗಳ ಪಕ್ಷ. ಹೆಸರು ಬೇರೆ ಬೇರೆ ಇದ್ರೂ ಅಸ್ಥಿಪಂಜರ, ದೆವ್ವ, ರಕ್ತ ಕುಡಿಯೋರು ಮೂರರಲ್ಲೂ ಇದಾರೆ. ಆದ್ರೆ ಮಜಾ ಸಿಗೋ ಜಾಗ ಮಾತ್ರ ಒಂದೊಂದ್ರಲ್ಲಿ ಒಂದೊಂದು ಕಡೆ.

ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ಬಂದಿದ್ದು 1999ರಲ್ಲಿ, ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಅವ್ರದ್ದು. ಇದ್ರಲ್ಲಿ ನೆಕ್ರೋಪೊಲಿಸ್ ಅನ್ನೋ ಊರು ತಗೊಂಡ್ರೆ, ಯುದ್ಧ ಗೆದ್ದಾಗಲೆಲ್ಲ ಸತ್ತವರಲ್ಲಿ ಒಂದು ಪಾಲು ಸ್ಕೆಲಿಟನ್ ಆಗಿ ಎದ್ದು ನಮ್ಮ ಕಡೆ ಸೇರುತ್ತೆ, ಸೈನ್ಯ ನಡೆಸೋ ಹೀರೋಗೆ ನೆಕ್ರೋಮೆನ್ಸಿ, ಅಂದ್ರೆ ಹೆಣ ಎಬ್ಬಿಸೋ ವಿದ್ಯೆ, ಬೇಸಿಕ್ ಇದ್ರೆ ನೂರಕ್ಕೆ 10, ಎಕ್ಸ್‌ಪರ್ಟ್ ಆದ್ರೆ 30. ಮಿಕ್ಕ ಊರಿನವ್ರು ವಾರ ತಿರುಗಿ ಹೊಸ ಸೈನಿಕರು ಬರ್ಲಿ ಅಂತ ಕಾಯ್ತಾ ಕೂತಿರೋವಾಗ ನಮ್ಮ ಸೈನ್ಯ ದಾರೀಲೇ ಬೆಳಿತಾ ಹೋಗುತ್ತೆ, ಬಡ್ಡಿ ಮೇಲೆ ಬಡ್ಡಿ ಬಿದ್ದಂಗೆ. ಹಂಗಾಗಿ ಇಲ್ಲಿ ನಿಜವಾದ ಆಟ ಯುದ್ಧದಲ್ಲಿಲ್ಲ, ಮ್ಯಾಪಲ್ಲಿದೆ. ಯಾವ ಗುಂಪನ್ನ ಮೊದ್ಲು ಹೊಡೀಬೇಕು, ಗಂಧಕದ ಗಣಿಗೆ ಹೋಗೋದಾ ಅಥವಾ ವಾಪಸ್ ಊರಿಗೆ ಬಂದು ವ್ಯಾಂಪೈರ್ ತಗೊಳ್ಳೋದಾ, ಇದೇ ಲೆಕ್ಕ. ವ್ಯಾಂಪೈರ್ ಲಾರ್ಡ್ ಅಂತೂ ಹೊಡೆದ್ರೆ ತಿರುಗಿ ಏಟು ಬೀಳಲ್ಲ, ಮೇಲಿಂದ ರಕ್ತ ಹೀರಿ ತನ್ನ ಗುಂಪಲ್ಲಿ ಸತ್ತೋರನ್ನೂ ಎಬ್ಬಿಸ್ಕೊಳ್ಳುತ್ತೆ, ಗೋಲೆಮ್ ಥರ ಜೀವ ಇಲ್ದಿರೋವು ಎದುರಿಗೆ ಬಂದ್ರೆ ಮಾತ್ರ ಈ ಆಟ ನಡಿಯಲ್ಲ. ಏಳನೇ ದಿನಕ್ಕೆ ಬಂದಾಗ ಕಂಪ್ಯೂಟರ್ ಆಫ್ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ, ನಾಳೆ ಹೊಸ ವಾರ, ಹೊಸ ಸೈನ್ಯ! ಒಂದೇ ದೂರು, ಸ್ಕೆಲಿಟನ್ ಸಾವಿರ ದಾಟಿದ್ಮೇಲೆ ಗೆಲುವು ಗ್ಯಾರಂಟಿ ಆಗೋಗುತ್ತೆ, ಆಮೇಲಿಂದು ಬರೀ ಕಸ ಗುಡಿಸೋ ಕೆಲ್ಸ.

ಬ್ಯಾಟಲ್ ಫಾರ್ ವೆಸ್ನಾತ್ ಇದಕ್ಕೆ ಪೂರ್ತಿ ಉಲ್ಟಾ. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ್ದು, ಓಪನ್ ಸೋರ್ಸ್, ದುಡ್ಡು ಕೊಡಂಗಿಲ್ಲ, ಹಳೇ ಲ್ಯಾಪ್‌ಟಾಪಲ್ಲೂ ಆರಾಮಾಗಿ ಓಡುತ್ತೆ. ಇಲ್ಲಿ ಸಾವಿರಗಟ್ಲೆ ಸೈನ್ಯ ಅನ್ನೋದೇ ಇಲ್ಲ, ಕೈಲಿರೋದು ಹತ್ತು ಹದಿನೈದು ಜನ, ಒಬ್ಬ ಹೋದ್ರೂ ಹೊಟ್ಟೆ ಉರಿಯುತ್ತೆ. ಆಟ ನಡೆಸೋದು ಗಡಿಯಾರ: ಆರು ಟರ್ನಿಗೆ ಒಂದು ದಿನ, ಅದ್ರಲ್ಲಿ ಎರಡು ಹಗಲು, ಎರಡು ರಾತ್ರಿ, ಮಿಕ್ಕಿದ್ದು ಬೆಳಗಿನ ಜಾವ, ಮುಸ್ಸಂಜೆ. ನಮ್ಮ ಹೆಣದ ಪಕ್ಷಕ್ಕೆ ರಾತ್ರಿ ಹೊಡೆತ 25% ಜಾಸ್ತಿ, ಹಗಲಲ್ಲಿ 25% ಕಮ್ಮಿ. ಅಂದ್ರೆ ರಾತ್ರಿ ನುಗ್ಗಬೇಕು, ಬೆಳಕು ಹರಿಯೋಷ್ಟ್ರಲ್ಲಿ ಹಿಂದೆ ಸರೀಬೇಕು, ಇಲ್ಲಾಂದ್ರೆ ಎದುರಾಳಿಯ ಹೆವಿ ಇನ್‌ಫೆಂಟ್ರಿ ಗದೆ ತಗೊಂಡು ಬಂದು ಮೂಳೆ ಪುಡಿ ಮಾಡ್ತಾನೆ. ಕತ್ತಿ, ಈಟಿಗೆಲ್ಲ ಸ್ಕೆಲಿಟನ್ ಕ್ಯಾರೇ ಅನ್ನಲ್ಲ, ಗದೆ, ಬೆಂಕಿ, ಆಮೇಲೆ ಆರ್ಕೇನ್ ಅನ್ನೋ ಮಂತ್ರದ ಏಟು ಅಂದ್ರೆ ಮಾತ್ರ ಭಯ. ಬೆಟ್ಟದ ಮೇಲೆ ನಿಂತಿರೋ ಡ್ವಾರ್ಫ್‌ಗೆ ನಮ್ಮ ಏಟು ತಾಗೋ ಚಾನ್ಸ್ ಬರೀ 30%, ಆದ್ರೆ ನಮ್ಮ ಮಂತ್ರವಾದಿ ಡಾರ್ಕ್ ಅಡೆಪ್ಟ್ ಹಾಕೋ ಮಂತ್ರ ಎದುರಾಳಿ ಎಲ್ಲಿ ನಿಂತಿದ್ರೂ 70% ತಾಗುತ್ತೆ. ಆದ್ರೆ ಅವ್ನ ಪಕ್ಕಕ್ಕೇ ಬಂದು ಕತ್ತೀಲಿ ಹೊಡೆದ್ರೆ ತಿರುಗಿ ಹೊಡಿಯೋಕೆ ಅವ್ನ ಕೈಲಿ ಏನೂ ಇಲ್ಲ, ಅದಕ್ಕೇ ಎಂಟು ಚಿನ್ನಕ್ಕೆ ಒಂದು ಸಿಗೋ ವಾಕಿಂಗ್ ಕಾರ್ಪ್ಸ್‌ಗಳನ್ನ (ನಡೆದಾಡೋ ಹೆಣ) ಮುಂದೆ ಗೋಡೆ ಥರ ನಿಲ್ಸೋದು. ಲಕ್ ಕೈಕೊಡುತ್ತೆ ಅಂತ ತುಂಬಾ ಜನ ಬೈತಾರೆ, 70% ಇದ್ದಿದ್ದು ಎರಡಕ್ಕೆ ಎರಡೂ ಮಿಸ್ ಆದಾಗ ನಾನೂ ಬೈದಿದೀನಿ, ಆದ್ರೂ ಪ್ರತಿ ಟರ್ನಲ್ಲೂ ತಲೆ ಓಡಿಸ್ಲೇಬೇಕಾದ ಗೇಮ್ ಮೂರರಲ್ಲಿ ಇದೊಂದೇ.

ಇನ್ನು ಟೋಟಲ್ ವಾರ್ ವಾರ್‌ಹ್ಯಾಮರ್, ಕ್ರಿಯೇಟಿವ್ ಅಸೆಂಬ್ಲಿದು, ಮೊದಲ್ನೇದು 2016, ಮೂರನೇದು 2022. ಮ್ಯಾಪಲ್ಲಿ ಟರ್ನ್ ಪ್ರಕಾರ ನಡೆಯುತ್ತೆ, ಯುದ್ಧ ಮಾತ್ರ ಲೈವ್. ವ್ಯಾಂಪೈರ್ ಕೌಂಟ್ಸ್ ಪಕ್ಷದಲ್ಲಿ ಬಿಲ್ಲುಗಾರರೂ ಇಲ್ಲ, ಬಂದೂಕಿನವ್ರೂ ಇಲ್ಲ, ಜಾಂಬಿಗಳು ಮುಂದೆ ನಿಂತು ಏಟು ತಿಂತಾ ಇರ್ತವೆ, ನಾವು ಬ್ಲ್ಯಾಕ್ ನೈಟ್ಸ್ ಕುದುರೆಗಳನ್ನ ಸುತ್ತ ಹಾಕಿ ಹಿಂದಿನಿಂದ ನುಗ್ಗಿಸ್ಬೇಕು. ಆ ಡಿಕ್ಕಿ ಇದ್ಯಲ್ಲ, ಮಿಕ್ಕ ಎರಡು ಗೇಮಲ್ಲಿ ಅದು ಸಿಗಲ್ಲ ಬಿಡಿ. ಈ ಹೆಣಗಳು ಹೆದರಿ ಓಡಲ್ಲ, ಧೈರ್ಯ ಮುಗಿದ್ರೆ ನಿಂತಲ್ಲೇ ಉದುರಿ ಹೋಗ್ತವೆ, ಅದಕ್ಕೆ ನಾಯಕ ಸತ್ತ ಅಂದ್ರೆ ಕಥೆ ಮುಗೀತು. ದೊಡ್ಡ ಯುದ್ಧ ಆದ ಜಾಗದಲ್ಲೇ ಹೆಣ ಎಬ್ಬಿಸಿ ತಕ್ಷಣ ಸೈನ್ಯಕ್ಕೆ ಸೇರಿಸ್ಕೊಬೋದು, ಇದು ಸಖತ್. ಆದ್ರೆ ಮೂರನೇದಕ್ಕೆ ಡಿಸ್ಕಲ್ಲಿ 100 ಜಿಬಿಗಿಂತ ಜಾಸ್ತಿ ಜಾಗ ಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕು, ಬೇಕಾದ ಪಕ್ಷ ಆಡೋಕೆ ಡಿಎಲ್‌ಸಿ (ಬೇರೆ ದುಡ್ಡು ಕೊಟ್ಟು ತಗೊಳ್ಳೋ ಹೆಚ್ಚುವರಿ ಭಾಗ) ಮೇಲೆ ಡಿಎಲ್‌ಸಿ ಬೇಕು.

ನನ್ನ ಲೆಕ್ಕದಲ್ಲಿ ಒಬ್ರೇ ಕೂತು ಆಡೋದಾದ್ರೆ ವೆಸ್ನಾತ್, ಕಣ್ಣಿಗೆ ಹಬ್ಬ ಬೇಕು, ಪಿಸಿನೂ ಗಟ್ಟಿ ಇದೆ ಅಂದ್ರೆ ವಾರ್‌ಹ್ಯಾಮರ್. ಮನೇಲಿ ತಮ್ಮನೋ ಫ್ರೆಂಡೋ ಇದ್ದು ಒಂದೇ ಕಂಪ್ಯೂಟರಲ್ಲಿ ಸರದಿ ಪ್ರಕಾರ ಆಡೋದಾದ್ರೆ ಹೀರೋಸ್ 3 ಬಿಟ್ಟು ಬೇರೆ ಮಾತೇ ಇಲ್ಲ. ತಗೊಳ್ಳೋವಾಗ ಕಂಪ್ಲೀಟ್ ಎಡಿಷನ್ನೇ ನೋಡಿ ತಗೊಳ್ಳಿ, 2015ರಲ್ಲಿ ಬಂದ ಎಚ್‌ಡಿ ಎಡಿಷನ್ನಲ್ಲಿ ಮೂಲ ಗೇಮಿಗೆ ಆಮೇಲೆ ಸೇರಿದ ಎಕ್ಸ್‌ಪಾನ್ಶನ್ ಎರಡೂ ಇಲ್ಲ.