ರಾಬೆನ್ ದ್ವೀಪದ ಜೈಲು ಪ್ರವಾಸ: ಕೊಟ್ಟ ದುಡ್ಡಿಗೆ ಸಿಗುವುದೇನು, ತಪ್ಪುವುದೇನು

ಕೇಪ್ ಟೌನ್‌ನಿಂದ ರಾಬೆನ್ ದ್ವೀಪಕ್ಕೆ ಹೋಗುವವರಲ್ಲಿ ಬಹುಪಾಲು ಜನರ ಕಣ್ಣು ನೆಲ್ಸನ್ ಮಂಡೇಲಾ ಅವರಿದ್ದ ಕೋಣೆಯ ಮೇಲೇ ಇರುತ್ತದೆ. ಅದರ ಮುಂದೆ ನಿಲ್ಲಲು ಸಿಗುವುದು ಹೆಚ್ಚೆಂದರೆ ಅರ್ಧ ನಿಮಿಷ. ಕಂಬಿಯಾಚೆ ಒಂದು ಚಾಪೆ, ಮಡಿಸಿಟ್ಟ ಕಂಬಳಿಗಳು, ಮುಚ್ಚಳವಿರುವ ಬಕೆಟ್ಟು ಕಾಣುತ್ತವೆ. ಎಂಟಡಿ ಉದ್ದ, ಏಳಡಿ ಅಗಲ, ಅಷ್ಟೇ. ಹಿಂದಿದ್ದವರು ಫೋಟೋಗೆ ಕಾಯುತ್ತಿರುತ್ತಾರೆ, ನೀವು ಸರಿಯಲೇಬೇಕು. ಬರೀ ಇದನ್ನು ನೋಡಲು ಹೋಗುವುದಾದರೆ ಟಿಕೆಟ್ಟು ದುಬಾರಿ. ಈ ಪ್ರವಾಸದ ಬೆಲೆಯೆಲ್ಲ ಇರುವುದು ಆ ಕೋಣೆಗೆ ಹೋಗುವ ಮುಂಚಿನ ಮುಕ್ಕಾಲು ಗಂಟೆಯಲ್ಲಿ, ಜೈಲಿನೊಳಗೆ ಕರೆದೊಯ್ಯುವ ಮಾರ್ಗದರ್ಶಿಯ ಮಾತಿನಲ್ಲಿ. ಆತ ಸಾಮಾನ್ಯವಾಗಿ ಅಲ್ಲೇ ಶಿಕ್ಷೆ ಅನುಭವಿಸಿದ ಮಾಜಿ ರಾಜಕೀಯ ಕೈದಿ.

ಮೊದಲು ಟಿಕೆಟ್ಟು. ವಿದೇಶಿ ವಯಸ್ಕರಿಗೆ ಸುಮಾರು 600 ರಾಂಡ್, ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ ಮೂರು ಸಾವಿರ ರೂಪಾಯಿ. ದರ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಫೆರಿ, ಬಸ್ಸು, ಜೈಲು ಎಲ್ಲವೂ ಅದರಲ್ಲೇ ಸೇರಿವೆ. ವಾಟರ್‌ಫ್ರಂಟ್‌ನ ಗಡಿಯಾರ ಗೋಪುರದ ಬಳಿಯ ನೆಲ್ಸನ್ ಮಂಡೇಲಾ ಗೇಟ್‌ವೇಯಿಂದ ಹಡಗು ಹೊರಡುತ್ತದೆ. ಸಮುದ್ರಯಾನ ಸೇರಿ ಒಟ್ಟು ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಅರ್ಧ ಗಂಟೆ ಮುಂಚೆಯೇ ಅಲ್ಲಿರಿ. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಕೆಲವು ವಾರ ಮೊದಲೇ ಕಾಯ್ದಿರಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚಾಗಿ ಕೈಕೊಡುವುದು ಗಾಳಿ. ಬೇಸಿಗೆಯಲ್ಲಿ ಆಗ್ನೇಯದಿಂದ ಬೀಸುವ ಬಿರುಗಾಳಿ, ಜೂನ್‌ನಿಂದ ಆಗಸ್ಟ್‌ವರೆಗೆ ವಾಯವ್ಯದ ಚಳಿಗಾಲದ ಮಳೆಗಾಳಿ, ಎರಡೂ ಹಡಗನ್ನು ನಿಲ್ಲಿಸಿಬಿಡುತ್ತವೆ. ಹಾಗಾಗಿ ಊರು ಬಿಡುವ ಕೊನೆಯ ದಿನಕ್ಕೆ ಟಿಕೆಟ್ ತೆಗೆಯಬೇಡಿ. ಮೊದಲ ಅಥವಾ ಎರಡನೆಯ ದಿನದ ಬೆಳಗಿನ ಹಡಗೇ ಇರಲಿ. ರದ್ದಾದರೆ ಇನ್ನೊಂದು ದಿನಕ್ಕೆ ಬದಲಾಯಿಸಿಕೊಳ್ಳಲು ಜಾಗ ಇರುತ್ತದೆ. ಬೆಂಗ್ವೆಲಾ ಎಂಬ ಸಾಗರ ಪ್ರವಾಹ ಹರಿಯುವ ತಣ್ಣೀರಿನ ಸಮುದ್ರ ಅದು, ಬಿಸಿಲಿದ್ದರೂ ಮೇಲಿನ ಡೆಕ್ಕಿನಲ್ಲಿ ನಡುಕ ಹುಟ್ಟುತ್ತದೆ. ಜಾಕೆಟ್ಟು ಬೇಕೇಬೇಕು. ವಾಂತಿಯ ತೊಂದರೆ ಇರುವವರು ಹತ್ತುವ ಮುಂಚೆಯೇ ಮಾತ್ರೆ ನುಂಗಿ, ಕೆಳಗೆ, ಹಡಗಿನ ಹಿಂಭಾಗದಲ್ಲಿ ಕುಳಿತರೆ ಓಲಾಟ ಕಡಿಮೆ. ದ್ವೀಪದಲ್ಲಿ ಊಟದ ವ್ಯವಸ್ಥೆ ನೆಚ್ಚಿಕೊಳ್ಳುವಂಥದ್ದಲ್ಲ. ನೀರು, ಬಿಸ್ಕತ್ತು ಜೊತೆಗಿರಲಿ.

ಬಸ್ಸಿನ ಸುತ್ತು ಸುಮಾರು ಮುಕ್ಕಾಲು ಗಂಟೆ. ಇಲ್ಲಿ ಎರಡು ಜಾಗಕ್ಕೆ ಕಣ್ಣು ಕಿವಿ ಎರಡನ್ನೂ ಕೊಡಿ. ಒಂದು, ವರ್ಣಭೇದ ವಿರೋಧಿ ಹೋರಾಟದ ನಾಯಕ ರಾಬರ್ಟ್ ಸೊಬುಕ್ವೆ ಅವರ ಮನೆ. ಶಿಕ್ಷೆಯ ಅವಧಿ ಮುಗಿದ ಮೇಲೂ ಅವರೊಬ್ಬರಿಗಾಗಿಯೇ ಕಾನೂನು ಮಾಡಿ 1963ರಿಂದ 1969ರವರೆಗೆ ಒಂಟಿಯಾಗಿ ಕೂಡಿಹಾಕಿದ್ದು ಅಲ್ಲಿ. ಇನ್ನೊಂದು, ಸುಣ್ಣಕಲ್ಲಿನ ಗಣಿ. ಆರು ತಿಂಗಳ ಕೆಲಸ ಎಂದು 1965ರ ಜನವರಿಯಲ್ಲಿ ಕೈದಿಗಳನ್ನು ಕರೆತಂದು ಹದಿಮೂರು ವರ್ಷ ದುಡಿಸಿದರು. ಬಿಳಿ ಕಲ್ಲಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುವುದು, ಮೇಲೆ ಸುಣ್ಣದ ಧೂಳು. ಕಪ್ಪು ಕನ್ನಡಕ ಕೊಡಿ ಎಂದು ಕೇಳಿದ್ದಕ್ಕೆ ಅನುಮತಿ ಸಿಗಲು ಸುಮಾರು ಮೂರು ವರ್ಷ ಹಿಡಿಯಿತು. ಮಂಡೇಲಾ ಅಧ್ಯಕ್ಷರಾದ ಮೇಲೂ ಅವರ ಮುಂದೆ ಫ್ಲ್ಯಾಶ್ ಬಳಸಬೇಡಿ ಎಂದು ಛಾಯಾಗ್ರಾಹಕರಿಗೆ ಹೇಳುತ್ತಿದ್ದುದು ಈ ಗಣಿಯಲ್ಲಿ ಕಣ್ಣುಗಳಿಗೆ ಆದ ಹಾನಿಯಿಂದಾಗಿ. ಗಣಿಯ ಬಾಯಲ್ಲಿರುವ ಕಲ್ಲುಗುಪ್ಪೆಯನ್ನು 1995ರಲ್ಲಿ ಮತ್ತೆ ಸೇರಿದ ಮಾಜಿ ಕೈದಿಗಳು ಒಬ್ಬೊಬ್ಬರು ಒಂದೊಂದು ಕಲ್ಲಿಟ್ಟು ಮಾಡಿದ್ದು. ಇಂಥ ಜಾಗವನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿ ಮುಂದೆ ಹೋಗುವುದು ಈ ಪ್ರವಾಸದ ದೊಡ್ಡ ಕೊರತೆ.

ಜೈಲಿನೊಳಗೆ ಮೊದಲು ಕೂರಿಸುವುದು ಸಾಮೂಹಿಕ ಕೋಣೆಯಲ್ಲಿ. ಮಾರ್ಗದರ್ಶಿಗೆ ಹತ್ತಿರದ ಬೆಂಚು ಹಿಡಿಯಿರಿ, ಹಿಂದೆ ಕುಳಿತರೆ ಮಾತು ಗೋಡೆಗೆ ಬಡಿದು ಅಸ್ಪಷ್ಟವಾಗುತ್ತದೆ. ಅಲ್ಲಿ ತೋರಿಸುವ ಊಟದ ಪಟ್ಟಿಯನ್ನು ಬಿಡದೆ ಓದಿ. ಭಾರತೀಯ ಮತ್ತು ಮಿಶ್ರ ವರ್ಣದ ಕೈದಿಗಳಿಗೆ ಮಾಂಸ ಆರು ಔನ್ಸು, ಆಫ್ರಿಕನ್ನರಿಗೆ ಐದು. ಅವರಿಗೆ ಜಾಮ್ ಒಂದು ಔನ್ಸು, ಇವರಿಗೆ ಇಲ್ಲವೇ ಇಲ್ಲ. ಒಂದೇ ಮೊಕದ್ದಮೆಯಲ್ಲಿ ಒಂದೇ ಶಿಕ್ಷೆ ಪಡೆದು ಒಂದೇ ದಿನ ಬಂದವರಲ್ಲಿ, ಗುಜರಾತಿ ಮೂಲದ ಅಹ್ಮದ್ ಕತ್ರಾಡಾ ಅವರಿಗೆ ಉದ್ದ ಪ್ಯಾಂಟು, ಅವರಿಗಿಂತ ಹನ್ನೊಂದು ವರ್ಷ ಹಿರಿಯರಾದ ಮಂಡೇಲಾ ಅವರಿಗೆ ಚಡ್ಡಿ. ವರ್ಣಭೇದ ನೀತಿ ಎಂಬ ಪದ ತಟ್ಟೆಗೂ ಬಟ್ಟೆಗೂ ಇಳಿದದ್ದು ಹೀಗೆ. ಭಾರತದಿಂದ ಹೋದವರು ಇದನ್ನು ತಿಳಿಯದೆ ಬರಬಾರದು.

ಪ್ರಶ್ನೆ ಕೇಳಿ. ಯಾವ ವರ್ಷ ಬಂದಿರಿ, ಯಾವ ಆರೋಪ, ಯಾವ ವಿಭಾಗ, ಮನೆಯಿಂದ ಕಾಗದ ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು ಎಂಬ ಸರಳ ಪ್ರಶ್ನೆಗಳಿಗೇ ಉತ್ತಮ ಉತ್ತರ ಸಿಗುತ್ತದೆ. ಕೊನೆಯ ರಾಜಕೀಯ ಕೈದಿಗಳು ಈ ದ್ವೀಪ ಬಿಟ್ಟದ್ದು 1991ರಲ್ಲಿ. ಅಂದರೆ ಕಂಡದ್ದನ್ನು ಹೇಳಬಲ್ಲ ಮಾರ್ಗದರ್ಶಿಗಳು ಇನ್ನು ಬಹಳ ವರ್ಷ ಸಿಗುವುದಿಲ್ಲ. ಹೋಗುವ ಆಸೆ ಇದ್ದರೆ ಮುಂದೂಡಬೇಡಿ.

ಬಿ ವಿಭಾಗದ ಅಂಗಳದಲ್ಲಿ ಎಲ್ಲರೂ ಕೋಣೆಯ ಸಾಲಿನತ್ತ ಧಾವಿಸುತ್ತಾರೆ. ನೀವು ಗೋಡೆಯ ಪಕ್ಕದ ತೋಟದ ಪಾತಿ ನೋಡಿ. 1970ರ ದಶಕದ ನಡುವಿನಲ್ಲಿ ಮಂಡೇಲಾ ರಾತ್ರಿ ಹೊತ್ತು ಕದ್ದು ಬರೆದ ಆತ್ಮಕಥೆಯ ಹಸ್ತಪ್ರತಿಯನ್ನು ಹೂತಿಟ್ಟದ್ದು ಈ ಅಂಗಳದಲ್ಲಿ. ಗೋಡೆ ಕಟ್ಟಲು ಅಗೆದಾಗ ಅದು ಸಿಕ್ಕಿಬಿದ್ದು, ಅವರ ಓದಿನ ಅವಕಾಶ ನಾಲ್ಕು ವರ್ಷ ರದ್ದಾಯಿತು. ಅಷ್ಟರಲ್ಲಿ ಸಹಕೈದಿ ಮ್ಯಾಕ್ ಮಹಾರಾಜ್ ಸಣ್ಣಕ್ಷರದಲ್ಲಿ ನಕಲು ಮಾಡಿಕೊಂಡು 1976ರಲ್ಲಿ ಬಿಡುಗಡೆಯಾದಾಗ ಹೊರಗೆ ಸಾಗಿಸಿ ಆಗಿತ್ತು.

ಪ್ರವಾಸ ಸೋಲುವುದು ಒಂದು ಕಡೆ: ಬಂಡುಕೋರ ಮಂಡೇಲಾ ಇಲ್ಲಿ ಹೆಚ್ಚು ಕಾಣುವುದಿಲ್ಲ. ತಾಳ್ಮೆಯ, ಕ್ಷಮಿಸುವ ಹಿರಿಯರಷ್ಟೇ ಕಾಣುತ್ತಾರೆ. ಅವರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಪಕ್ಷದ ಉಮ್ಖೊಂಟೊ ವೆ ಸಿಜ್ವೆ ಎಂಬ ಸಶಸ್ತ್ರ ದಳದ ಮೊದಲ ದಂಡನಾಯಕ. 1961ರ ಡಿಸೆಂಬರ್ 16ರಂದು ಆ ದಳದ ಮೊದಲ ಬಾಂಬುಗಳು ಸಿಡಿದವು. 1962ರಲ್ಲಿ ಗುಟ್ಟಾಗಿ ದೇಶ ಬಿಟ್ಟು ಮೊರಾಕ್ಕೊದಲ್ಲಿ ಅಲ್ಜೀರಿಯಾದ ಹೋರಾಟಗಾರರ ಜೊತೆಗಿದ್ದರು. ಇಥಿಯೋಪಿಯಾದಲ್ಲಿ ಆರು ತಿಂಗಳ ತರಬೇತಿಗೆ ಸೇರಿ, ಎಂಟು ವಾರಕ್ಕೇ ಕರೆ ಬಂದು ಹಿಂತಿರುಗಿದರು. ಹಿಂಸೆಯನ್ನು ಕೈಬಿಟ್ಟರೆ ಬಿಡುಗಡೆ ಮಾಡುತ್ತೇವೆ ಎಂದು 1985ರಲ್ಲಿ ಅಧ್ಯಕ್ಷ ಬೋಥಾ ಹೇಳಿದಾಗಲೂ ಒಪ್ಪಲಿಲ್ಲ. 1994ರ ಮೇ 10ರಂದು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಇದೇ ಮನುಷ್ಯ. ಇಷ್ಟನ್ನು ಮೊದಲೇ ಓದಿಕೊಂಡು ಹೋದರೆ 466/64 ಎಂಬ ಸಂಖ್ಯೆಗೆ, ಅಂದರೆ 1964ರಲ್ಲಿ ಬಂದ 466ನೆಯ ಕೈದಿ ಎಂಬುದಕ್ಕೆ, ತೂಕ ಬರುತ್ತದೆ.

ಡರ್ಬನ್ ಕಡೆ ಹೋಗುವವರು ಹೋವಿಕ್ ಬಳಿ ಮಂಡೇಲಾ ಬಂಧನವಾದ ಸ್ಥಳವನ್ನೂ ಸೇರಿಸಿಕೊಳ್ಳಿ. ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. 1962ರ ಆಗಸ್ಟ್ 5ರಂದು ಚಾಲಕನ ವೇಷದಲ್ಲಿದ್ದ ಅವರನ್ನು ಪೊಲೀಸರು ಹಿಡಿದದ್ದು ಅಲ್ಲಿ. ಐವತ್ತು ಉಕ್ಕಿನ ಕಂಬಗಳ ಶಿಲ್ಪವೊಂದು 2012ರಿಂದ ಅಲ್ಲಿ ನಿಂತಿದೆ. ಹತ್ತಿರ ಹೋದರೆ ಬರೀ ಕಂಬಗಳು. ಮುಂದಿನ ದಾರಿಯಲ್ಲಿ 35 ಮೀಟರ್ ದೂರದಲ್ಲಿ ಗುರುತಿಸಿದ ಜಾಗದಲ್ಲಿ ನಿಂತಾಗ ಮಾತ್ರ ಮುಖ ಕೂಡಿಕೊಳ್ಳುತ್ತದೆ.