ಮ್ಯಾಗ್ಮಾ ಹರಿದ ದಿಕ್ಕು: ಕಾಂತ ಮಾಪನವನ್ನು ನಂಬಲೇ, ಹರಳುಗಳನ್ನೇ?

ನೆಲದಾಳದ ಬಿರುಕಿಗೆ ಮ್ಯಾಗ್ಮಾ, ಅಂದರೆ ಕರಗಿದ ಶಿಲಾದ್ರವ, ನುಗ್ಗಿ ಗಟ್ಟಿಯಾದ ಹಾಳೆಯಂಥ ಶಿಲೆಯೇ ಡೈಕ್. ಡೈಕ್ ಒಂದರೊಳಗೆ ಮ್ಯಾಗ್ಮಾ ಕೆಳಗಿನಿಂದ ನೇರವಾಗಿ ಮೇಲೇರಿತೋ ಅಥವಾ ಅಡ್ಡಲಾಗಿ ನುಗ್ಗಿತೋ? ಈ ಪ್ರಶ್ನೆಯನ್ನು ಹಿಡಿದು ಡಾಲರೈಟ್ ಎಂಬ ಕಪ್ಪು ಶಿಲೆಯ ಒಂದು ಡೈಕಿನ ಕಲ್ಲುಗಳನ್ನು ಮೊದಲು ಕಾಂತ ಮಾಪನಕ್ಕೆ ಒಡ್ಡಿದೆ. ಆಮೇಲೆ ಅವೇ ಕಲ್ಲುಗಳನ್ನು ತೆಳುವಾಗಿ ಸೀಳಿಸಿ, ಸೂಕ್ಷ್ಮದರ್ಶಕದಡಿ ಪ್ಲೇಜಿಯೋಕ್ಲೇಸ್ (ಒಂದು ಬಗೆಯ ಫೆಲ್ಡ್‌ಸ್ಪಾರ್ ಖನಿಜ) ಹರಳುಗಳು ಮಲಗಿದ ದಿಕ್ಕನ್ನು ಅಳೆದೆ.

ವೇಗದಲ್ಲಿ ಕಾಂತ ಮಾಪನಕ್ಕೆ ಸಾಟಿಯಿಲ್ಲ. ಸುಮಾರು 25 ಮಿ.ಮೀ. ವ್ಯಾಸ, 22 ಮಿ.ಮೀ. ಉದ್ದದ ಕಲ್ಲಿನ ತುಂಡು ಸಾಕು. ದುರ್ಬಲ ಕಾಂತಕ್ಷೇತ್ರಕ್ಕೆ ಅದು ಯಾವ ದಿಕ್ಕಿನಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಸ್ಪಂದಿಸುತ್ತದೆಂದು ಉಪಕರಣ ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಹೆಚ್ಚು ಸ್ಪಂದಿಸುವ ಅಕ್ಷವನ್ನು ಸಾಮಾನ್ಯವಾಗಿ ಹರಿವಿನ ಗೆರೆಯೆಂದು ಓದುತ್ತೇವೆ. ಅತಿ ಕಡಿಮೆ ಸ್ಪಂದಿಸುವ ಅಕ್ಷಕ್ಕೆ ಲಂಬವಾದ ಸಮತಲವೇ ಹರಳುಗಳು ಪದರಗಟ್ಟಿದ ತಲ. ಕಣ್ಣಿಗೆ ಯಾವ ಗೆರೆಯೂ ಕಾಣದ ಗ್ರಾನೈಟಿನಲ್ಲೂ ಇದು ದಿಕ್ಕು ಹೇಳಬಲ್ಲದು. 1954ರಲ್ಲಿ ವಿಜ್ಞಾನಿ ಗ್ರಹಾಂ ಈ ದಾರಿ ಸೂಚಿಸಿದ್ದು ನಿಜಕ್ಕೂ ದೊಡ್ಡ ಉಪಕಾರ.

ಹರಳುಗಳ ದಾರಿ ತಾಳ್ಮೆ ಬೇಡುತ್ತದೆ. ಒಂದೊಂದು ಕಲ್ಲಿಗೂ ಪರಸ್ಪರ ಲಂಬವಾದ ಮೂರು ಸೀಳುಗಳು ಬೇಕು. ಪ್ರತಿಯೊಂದರ ದಪ್ಪ 0.03 ಮಿ.ಮೀ. ನೂರಾರು ಹರಳುಗಳ ಅಂಚು ಗುರುತಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ.

ಡೈಕಿನ ನಡುಭಾಗದಲ್ಲಿ ಎರಡೂ ಒಂದೇ ಮಾತು ಹೇಳಿದವು. ಬೇಗ ತಣಿದ ಅಂಚಿನಲ್ಲಿ ಮಾತ್ರ ಕಾಂತೀಯ ಗೆರೆ ಬಿರುಕಿನ ಗೋಡೆಗೆ ಲಂಬವಾಗಿ ನಿಂತಿತು, ಮ್ಯಾಗ್ಮಾ ಗೋಡೆಯನ್ನೇ ತೂರಿ ಹೋದಂತೆ! ಅಲ್ಲಿಯೂ ಫೆಲ್ಡ್‌ಸ್ಪಾರ್‌ಗಳು ಗೋಡೆಯ ಗುಂಟ ಸಾಲಾಗಿ ಮಲಗಿದ್ದವು. ತುಂಡುಗಳ ಮೇಲಿನ ದಿಕ್ಕಿನ ಗುರುತು ತಪ್ಪಿದೆಯೇನೋ ಎಂದು ಎರಡು ದಿನ ಅವನ್ನೇ ತಿರುವಿ ಹಾಕಿದೆ. ಕಾರಣ ಮ್ಯಾಗ್ನೆಟೈಟ್ ಎಂಬ ಕಾಂತೀಯ ಕಬ್ಬಿಣದ ಖನಿಜದ ಕಣಗಳಲ್ಲಿತ್ತು. ಅತಿ ಸಣ್ಣ ಕಣದಲ್ಲಿ ಕಾಂತತ್ವ ಮೊದಲೇ ಉದ್ದನೆಯ ಅಕ್ಷದ ಗುಂಟ ಪೂರ್ತಿ ತುಂಬಿರುತ್ತದೆ. ಹೊರಗಿನ ದುರ್ಬಲ ಕ್ಷೇತ್ರ ಅದನ್ನು ಅಡ್ಡಕ್ಕೆ ಮಾತ್ರ ತುಸು ಬಾಗಿಸಬಲ್ಲದು. ಆದ್ದರಿಂದ ಉದ್ದ, ಗಿಡ್ಡ ಅಕ್ಷಗಳು ಅದಲುಬದಲಾಗಿ ಕಾಣುತ್ತವೆ. ಕಲ್ಲಿಗೆ ಪ್ರಯೋಗಾಲಯದಲ್ಲಿ ಕೃತಕ ಉಳಿಕೆ ಕಾಂತತ್ವ (ಕ್ಷೇತ್ರ ತೆಗೆದ ಮೇಲೂ ಉಳಿಯುವ ಕಾಂತತ್ವ) ಕೊಟ್ಟು ಮತ್ತೆ ಅಳೆದಾಗ ಗೆರೆ ಫೆಲ್ಡ್‌ಸ್ಪಾರ್‌ಗಳ ಪಕ್ಕಕ್ಕೆ ಮರಳಿತು. ಆ ಸಂಜೆಯ ಸಮಾಧಾನ ಇನ್ನೂ ನೆನಪಿದೆ.

ಇನ್ನೊಂದು ವಿಷಯದಲ್ಲಿ ಹರಳುಗಳೇ ಮೇಲು. ಹರಳುಗಳ ಈ ಸಾಲುಜೋಡಣೆ ಮೂಡಿದ್ದು ದ್ರವ ಹರಿಯುವಾಗಲೋ, ಕಲ್ಲು ಗಟ್ಟಿಯಾದ ಮೇಲೆ ಭೂಮಿಯ ಒತ್ತಡ ಹಿಂಡಿದಾಗಲೋ ಎಂಬುದನ್ನು ಕಾಂತ ಮಾಪನದ ಅಂಕಿಗಳೊಂದೇ ಹೇಳಲಾರವು. ಬಾಗಿದ ಫೆಲ್ಡ್‌ಸ್ಪಾರ್, ಅಲೆಅಲೆಯಾಗಿ ಕಪ್ಪಾಗುವ ಕ್ವಾರ್ಟ್ಸ್ ಕಣ್ಣಿಗೆ ಬಿದ್ದರೆ ಗಟ್ಟಿಯಾದ ಮೇಲೆ ಹಿಂಡಿದ್ದೆಂದು ತಿಳಿದು ಸಂಶಯ ಬಗೆಹರಿಯುತ್ತದೆ.

ಕಪ್ಪು ಅಭ್ರಕವೇ ಸ್ಪಂದನವನ್ನು ಹೊತ್ತ ಗ್ರಾನೈಟ್ ಆದರೆ, ವಿಶಾಲ ಪ್ರದೇಶಕ್ಕೆ ನಾನು ಕಾಂತ ಮಾಪನವನ್ನೇ ಆರಿಸುತ್ತೇನೆ. ಡೈಕಿನ ಅಂಚಿಗೆ ಅದೊಂದನ್ನೇ ನಂಬುವುದಿಲ್ಲ. ಆದರೆ ಅಂಚನ್ನು ಬಿಡುವಂತೆಯೂ ಇಲ್ಲ: ಎರಡೂ ಗೋಡೆಗಳ ಬಳಿ ಕಣಗಳು ಹರಿವು ಸಾಗುವ ದಿಕ್ಕಿಗೆ, ಡೈಕಿನ ನಡುವಿನತ್ತ ವಾಲಿರುತ್ತವೆ, ಮೇಲಕ್ಕೋ ಕೆಳಕ್ಕೋ ಎಂಬ ಉತ್ತರ ಆ ವಾಲಿಕೆಯಲ್ಲೇ ಇದೆ. ಹಾಗಾಗಿ ಈಗ ಪ್ರತಿ ತುಂಡಿನ ಉಳಿದ ತುದಿಯನ್ನು ಎಸೆಯದೆ, ಕಾಂತೀಯ ಉದ್ದ ಮತ್ತು ಗಿಡ್ಡ ಅಕ್ಷಗಳೆರಡೂ ಇರುವ ಸಮತಲದಲ್ಲಿ ಒಂದೇ ಒಂದು ಸೀಳು ಮಾಡಿಸುತ್ತೇನೆ. ಅಕ್ಷಗಳು ಅದಲುಬದಲಾಗಿದ್ದರೂ ಸಮತಲ ಅದೇ ಆಗಿರುವುದರಿಂದ ಹರಳುಗಳ ವಾಲಿಕೆ ಅದರಲ್ಲಿ ಕಾಣುತ್ತದೆ.