ಎಕ್ಸ್‌ರೇ ತೆಗೆಯೋದು ಅಂದುಕೊಂಡು ಸೇರಿದೆ: ರೇಡಿಯೋಥೆರಪಿ ಡಿಗ್ರಿಗೆ ನನ್ನ ವಿಮರ್ಶೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕೋರ್ಸಿಗೆ ನಾನು ಸೇರಿದ್ದು ತಪ್ಪು ತಿಳಿದು. ಅರ್ಜಿಯಲ್ಲಿ 'ರೇಡಿಯೋಗ್ರಫಿ' ಅಂತ ಕಂಡಿತು. ಮುರಿದ ಕೈಕಾಲಿನ ಎಕ್ಸ್‌ರೇ ತೆಗೆಯೋದು ಕಲಿಸುತ್ತಾರೆ ಅಂದುಕೊಂಡೆ. ಅದರ ಹಿಂದಿದ್ದ 'ಥೆರಪ್ಯೂಟಿಕ್' ಅನ್ನೋ ಪದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. ಮೊದಲ ದಿನ ಮೇಡಂ ಬಂದು, "ನೀವು ಚಿತ್ರ ತೆಗೆಯೋರಲ್ಲ, ಕ್ಯಾನ್ಸರಿಗೆ ಟ್ರೀಟ್‌ಮೆಂಟ್ ಕೊಡೋರು" ಅಂದರು. ಪಕ್ಕದವಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಈಗ ನಾಲ್ಕು ವರ್ಷ ಮುಗಿಸಿದ್ದೇನೆ. ಸೇರಬಹುದಾ ಅಂತ ಕೇಳೋರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಐದಕ್ಕೆ ನಾಲ್ಕು ಸ್ಟಾರ್.

ಮೊದಲ ವರ್ಷ ಬರೀ ಅನಾಟಮಿ ಮತ್ತು ಫಿಸಿಕ್ಸ್. ಅನಾಟಮಿ ಉರು ಹೊಡೆಯೋ ಕೆಲಸ, ಹೇಳೋಕೆ ಏನೂ ಇಲ್ಲ. ಫಿಸಿಕ್ಸ್‌ಗೆ ಹೆದರಿದ್ದೆ, ಆದರೆ ನಮ್ಮ ಮೇಷ್ಟ್ರು ಚೆನ್ನಾಗಿದ್ದರು. ಚಿಕಿತ್ಸೆ ಕೊಡೋ ಯಂತ್ರ ಲೀನಿಯರ್ ಆಕ್ಸಲರೇಟರ್, ನಮ್ಮ ಬಾಯಲ್ಲಿ ಲಿನಾಕ್, ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಓಡಿಸಿ ಟಂಗ್‌ಸ್ಟನ್ ತುಂಡಿಗೆ ಬಡಿಸುತ್ತದೆ, ಆಗ ಎಕ್ಸ್‌ರೇ ಹುಟ್ಟುತ್ತದೆ. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಮೇಷ್ಟ್ರು ಒಂದು ಲೆಕ್ಕ ಕೊಟ್ಟರು. ದಿನದ ಮಾಮೂಲು ಡೋಸ್ 2 ಗ್ರೇ, ಅಂದರೆ ಕೆಜಿಗೆ 2 ಜೂಲ್. ಅದೆಲ್ಲ ಶಾಖವಾದರೆ ನೀರು ಎಷ್ಟು ಬಿಸಿಯಾಗುತ್ತದೆ? ಕ್ಲಾಸಿನಲ್ಲಿ ಒಬ್ಬರು 5 ಡಿಗ್ರಿ ಅಂದರು, ಇನ್ನೊಬ್ಬರು 20. ಉತ್ತರ ಬಂದಿದ್ದು ಸುಮಾರು 0.0005 ಡಿಗ್ರಿ. ಸುಡೋದರಿಂದ ಕೆಲಸ ಆಗೋದಲ್ಲ, ಜೀವಕೋಶದೊಳಗೆ ಡಿಎನ್‌ಎ ಮುರಿಯೋದರಿಂದ ಅಂತ ಅವತ್ತು ತಲೆಗೆ ಹೋಯಿತು. ಜನ ಇದಕ್ಕೆ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಪೇಶೆಂಟ್‌ಗಳು "ಶಾಕ್ ಹೊಡೆಯುತ್ತಾ?" ಅಂತ ಕೇಳಿದಾಗೆಲ್ಲ ನನಗೆ ಆ ಲೆಕ್ಕವೇ ನೆನಪಾಗುತ್ತದೆ.

ಇಡೀ ಕೋರ್ಸಿನಲ್ಲಿ ನನಗೆ ತುಂಬಾ ಇಷ್ಟವಾದ ಪಾಠ ಥೆರಾಕ್-25 ಅನ್ನೋ ಹಳೆಯ ರೇಡಿಯೇಷನ್ ಚಿಕಿತ್ಸಾ ಯಂತ್ರದ್ದು. 1985ರಿಂದ 1987ರ ನಡುವೆ ಆ ಯಂತ್ರದಲ್ಲಿ ಆರು ಜನರಿಗೆ ಮಿತಿಮೀರಿದ ಡೋಸ್ ಬಿತ್ತು, ಕೆಲವರು ಸತ್ತರು. ಸಾಫ್ಟ್‌ವೇರ್ ತಪ್ಪು. ಆಪರೇಟರ್ ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಯಂತ್ರದ ಲೆಕ್ಕ ತಪ್ಪುತ್ತಿತ್ತು. ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಅಂತ ಬರುತ್ತಿತ್ತು, ಅದೇನು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥ ಸಂದೇಶ ದಿನಾ ಬರುತ್ತಿದ್ದರಿಂದ ಆಪರೇಟರ್‌ಗಳು ಮುಂದುವರಿಸೋ ಬಟನ್ ಒತ್ತಿಬಿಡುತ್ತಿದ್ದರು. ನಾವೂ ಫೋನಿನಲ್ಲಿ ಹಾಗೇ ತಾನೇ ಓಕೆ ಒತ್ತೋದು? ನಮ್ಮಲ್ಲಿ ಚಿಕಿತ್ಸೆಗೆ ಮುಂಚೆ ಪೇಶೆಂಟಿನ ಹೆಸರು, ಹುಟ್ಟಿದ ದಿನಾಂಕ, ಡೋಸ್ ಎಲ್ಲವನ್ನೂ ಇಬ್ಬರು ಗಟ್ಟಿಯಾಗಿ ಓದಿ ಹೇಳೋದು ಮೊದಲು ನಾಟಕದ ಥರ ಕಾಣುತ್ತಿತ್ತು. ಆ ಕ್ಲಾಸ್ ಆದಮೇಲೆ ಯಾರೂ ನಗಲಿಲ್ಲ.

ಎರಡನೇ ವರ್ಷ ವರ್ಟ್ ಸಿಮ್ಯುಲೇಟರ್, ಅಂದರೆ ಪರದೆಯ ಮೇಲೆ ಲಿನಾಕ್ ನಡೆಸಿ ಕಲಿಯೋ ವ್ಯವಸ್ಥೆ. ದೊಡ್ಡ ಪರದೆ, ತ್ರೀಡಿ ಕನ್ನಡಕ, ಕೈಯಲ್ಲಿ ನಿಜವಾದ ಲಿನಾಕ್‌ನದೇ ಥರದ ರಿಮೋಟ್. ಮೊದಲ ದಿನವೇ ನಾನು ಗ್ಯಾಂಟ್ರಿಯನ್ನು, ಅಂದರೆ ಪೇಶೆಂಟ್ ಸುತ್ತ ತಿರುಗೋ ಯಂತ್ರದ ತೋಳನ್ನು, ತಿರುಗಿಸಿ ಟೇಬಲಿಗೆ ಗುದ್ದಿಸಿದೆ. ಪರದೆಯ ಮೇಲೆ ತಾನೇ, ಯಾರಿಗೂ ನೋವಾಗಲಿಲ್ಲ. ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ನಿಸಿದ ಮೊದಲ ವಸ್ತು ಅದು.

ಎರಡನೆಯದು ಮಾಸ್ಕ್ ಲ್ಯಾಬ್. ತಲೆ, ಕುತ್ತಿಗೆಗೆ ಚಿಕಿತ್ಸೆ ಕೊಡುವಾಗ ಅಲುಗಾಡಬಾರದು ಅಂತ ಪ್ಲಾಸ್ಟಿಕ್ ಜಾಲರಿಯ ಮುಖವಾಡ ಮಾಡುತ್ತಾರೆ. ಬಿಳಿ ಹಾಳೆಯನ್ನು ಸುಮಾರು 70 ಡಿಗ್ರಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಟವೆಲ್ಲಿನಿಂದ ನೀರು ಒತ್ತಿ ತೆಗೆದು ಮುಖದ ಮೇಲೆ ಎಳೆದು, ಕೆಳಗಿನ ಹಲಗೆಗೆ ಕ್ಲಿಪ್ ಹಾಕುತ್ತಾರೆ. ನಾವು ಸರದಿ ಪ್ರಕಾರ ಪೇಶೆಂಟ್ ಆಗಬೇಕಿತ್ತು. ನನ್ನ ಸರದಿ ಬಂದಾಗ ಮೊದಲು ಬಿಸಿ ಒದ್ದೆ ಬಟ್ಟೆ ಹಾಕಿದ ಹಾಗೆ ಹಿತವಾಗಿತ್ತು. ಆಮೇಲೆ ಅದು ಆರುತ್ತಾ ಬಿಗಿಯಾಯಿತು. ಕಣ್ಣು ಬಿಡೋಕಾಗಲಿಲ್ಲ, ಗಲ್ಲ ಅಲುಗಿಸೋಕಾಗಲಿಲ್ಲ. ಸರಿಯಾಗಿ ಆಗಲೇ ಮೂಗು ತುರಿಸಿತು. ನಾಲ್ಕು ನಿಮಿಷಕ್ಕೆ ಕೈ ಎತ್ತಿ ತೆಗೀರಿ ಅಂತ ಸನ್ನೆ ಮಾಡಿದೆ. ನಿಜವಾದ ಪೇಶೆಂಟ್ ಅದನ್ನು ಹಾಕಿಕೊಂಡು ಒಬ್ಬರೇ ರೂಮಿನಲ್ಲಿ ಮಲಗಬೇಕು. ನಾವೆಲ್ಲ ದಪ್ಪ ಗೋಡೆಯ ಆಚೆ ಕ್ಯಾಮೆರಾದಲ್ಲಿ ನೋಡುತ್ತಿರುತ್ತೇವೆ.

ಇನ್ನು ಬೈಗುಳ. ನೋಟ್ಸ್ ತುಂಬಾ ಹಳೆಯದು. ಸ್ತನ ಕ್ಯಾನ್ಸರಿಗೆ 25 ದಿನ, 50 ಗ್ರೇ ಅಂತ ನಾನು ಪರೀಕ್ಷೆಗೆ ಬರೆದು ಪೂರ್ತಿ ಅಂಕ ತಗೊಂಡೆ. ಪ್ಲೇಸ್‌ಮೆಂಟಿಗೆ (ಆಸ್ಪತ್ರೆಯಲ್ಲಿ ಮಾಡೋ ತರಬೇತಿ) ಹೋದರೆ ಅಲ್ಲಿ 15 ದಿನ, 40 ಗ್ರೇ. ಸೀನಿಯರ್ ಒಬ್ಬರು, "ಇದೂ ಹಳೇದಾಗ್ತಿದೆಯಮ್ಮ" ಅಂದು ಫಾಸ್ಟ್-ಫಾರ್ವರ್ಡ್ ಟ್ರಯಲ್ ಬಗ್ಗೆ ಹೇಳಿದರು. 5 ದಿನಕ್ಕೆ 26 ಗ್ರೇ, ಅದರ ಐದು ವರ್ಷದ ಫಲಿತಾಂಶ 2020ರಲ್ಲೇ ಬಂದಿತ್ತು. ನಮ್ಮ ಕ್ಲಾಸಿನಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಇನ್ನೊಂದು ಪ್ಲೇಸ್‌ಮೆಂಟಿನಲ್ಲಿ ಆರು ವಾರ ನಮ್ಮನ್ನು ಫೈಲ್ ಹೊರೋಕೆ ಇಟ್ಟುಕೊಂಡರು. ಲಾಗ್‌ಬುಕ್ಕಿಗೆ ಸಹಿ ಮಾತ್ರ ತಪ್ಪದೆ ಬಿತ್ತು.

ನಾನು ಸ್ಟಾರ್ ಕಿತ್ತುಕೊಂಡಿದ್ದು ಇದಕ್ಕೂ ಅಲ್ಲ. ಪೇಶೆಂಟ್ ಜೊತೆ ಮಾತಾಡೋದನ್ನು ಎರಡು ಗಂಟೆಯ ಸ್ಲೈಡ್‌ನಲ್ಲಿ ಮುಗಿಸಿದರಲ್ಲ, ಅದಕ್ಕೆ. ಡಾಕ್ಟರ್ ಸಾಮಾನ್ಯವಾಗಿ ವಾರಕ್ಕೊಮ್ಮೆ ನೋಡುತ್ತಾರೆ. ದಿನಾ ನೋಡೋರು ನಾವು. ಗಂಟಲ ಕ್ಯಾನ್ಸರಿನ ಒಬ್ಬರು 35 ದಿನದ ಚಿಕಿತ್ಸೆಗೆ ಬರುತ್ತಿದ್ದರು, ಒಟ್ಟು 70 ಗ್ರೇ, ವಾರಕ್ಕೆ ಐದು ದಿನದ ಹಾಗೆ ಏಳು ವಾರ. ಮೊದಲ ವಾರ ಬಂದ ಕೂಡಲೇ, "ಏನಮ್ಮಾ, ಇವತ್ತು ಎಷ್ಟನೇದು?" ಅನ್ನೋರು. ನಾಲ್ಕನೇ ವಾರಕ್ಕೆ ಬಾಯೆಲ್ಲ ಹುಣ್ಣು, ಮಾತು ನಿಂತಿತು. ಬೆರಳಲ್ಲಿ ಎಣಿಸಿ ತೋರಿಸೋಕೆ ಶುರು ಮಾಡಿದರು. ಒಂದು ದಿನ ಮಾಸ್ಕ್ ಕ್ಲಿಪ್ ಹಾಕುವಾಗ ಕೆನ್ನೆಯ ಹತ್ತಿರ ನನ್ನ ಎರಡು ಬೆರಳು ಸಲೀಸಾಗಿ ಒಳಗೆ ಹೋಯಿತು. ಅಷ್ಟು ಸಣ್ಣಗಾಗಿದ್ದರು. ಮಾಸ್ಕ್ ಸಡಿಲವಾದರೆ ತಲೆ ಅಲುಗುತ್ತದೆ, ಬೀಮ್ ಎಲ್ಲಿ ಬೀಳಬೇಕು ಅನ್ನೋ ಪ್ಲಾನ್ ಕೂಡ ಹಳೆಯ ಮುಖದ್ದು. ಸೀನಿಯರ್‌ಗೆ ಹೇಳಿದೆ. ಅವತ್ತೇ ಹೊಸ ಸಿಟಿ ಸ್ಕ್ಯಾನ್, ಹೊಸ ಮಾಸ್ಕ್ ಆಯಿತು. ಮತ್ತೆ ಬಿಸಿ ಹಾಳೆ ಮುಖಕ್ಕೆ ಹಾಕಬೇಕು ಅಂತ ಅವರಿಗೆ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಸ್ಲೈಡ್‌ನಲ್ಲಿ ಕಲಿತ ಒಂದು ವಾಕ್ಯವೂ ನೆನಪಾಗಲಿಲ್ಲ. "ನಾನೂ ಹಾಕಿಸಿಕೊಂಡಿದ್ದೀನಿ ಸರ್, ನಾಲ್ಕೇ ನಿಮಿಷಕ್ಕೆ ಸೋತೆ" ಅಂದೆ. ಅವರು ನಾಲ್ಕು ಬೆರಳು ತೋರಿಸಿ ಕಣ್ಣಲ್ಲೇ ನಕ್ಕರು.

ಸಣ್ಣಪುಟ್ಟದನ್ನು ಕೆಲಸ ಮಾಡುತ್ತಲೇ ಕಲಿಯಬೇಕು. ಪೇಶೆಂಟ್ ನಮಗೆ ಸಹಾಯ ಮಾಡೋಕೆ ಅಂತ ತಾವೇ ಜರುಗುತ್ತಾರೆ, ಆಗ ಜಾಗ ಸರಿಹೊಂದಿಸೋ ಲೇಸರ್ ಗೆರೆ ಚರ್ಮದ ಮೇಲೆ ಗುರುತಿಗೆ ಹಾಕಿದ ಚುಕ್ಕೆಯಿಂದ ತಪ್ಪುತ್ತದೆ. "ಮೂಟೆ ಥರ ಭಾರ ಬಿಟ್ಟು ಮಲಗಿ, ನಾವೇ ಸರಿಸ್ತೀವಿ" ಅಂದರೆ ಸರಿಹೋಗುತ್ತದೆ. ಪ್ರಾಸ್ಟೇಟ್ ಚಿಕಿತ್ಸೆಗೆ ಮೂತ್ರಕೋಶ ತುಂಬಿರಬೇಕು. ಗಂಟೆಗಟ್ಟಲೆ ಕಾದವರನ್ನು ಸ್ಕ್ಯಾನ್ ನೋಡಿ, "ಇನ್ನೂ ತುಂಬಿಲ್ಲ, ಇಳಿದು ನೀರು ಕುಡೀರಿ" ಅಂತ ಕಳಿಸೋದಕ್ಕೆ ಬೇರೆಯೇ ಗುಂಡಿಗೆ ಬೇಕು.

ಕೋರ್ಸಿಗೆ ಸೇರೋರ ಮನೆಯವರ ಪ್ರಶ್ನೆ ಒಂದೇ ಇರುತ್ತದೆ, ನಮ್ಮ ಮಗುಗೆ ರೇಡಿಯೇಷನ್ ತಗಲುತ್ತಾ ಅಂತ. ಬೀಮ್ ಇದ್ದಾಗ ನಾವು ಒಳಗಿರೋದಿಲ್ಲ, ಬಾಗಿಲು ತೆರೆದರೆ ಬೀಮ್ ನಿಂತುಹೋಗುತ್ತದೆ. ಸಿಬ್ಬಂದಿಗೆ ತಗಲಬಹುದಾದ ರೇಡಿಯೇಷನ್‌ಗೆ ಅಂತರರಾಷ್ಟ್ರೀಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ತಗಲಿದ ರೇಡಿಯೇಷನ್ ಅಳೆಯೋಕೆ ನಾವು ಹಾಕಿಕೊಳ್ಳೋ ಬ್ಯಾಡ್ಜ್ ಇದೆ, ನನ್ನ ಬ್ಯಾಡ್ಜ್ ರಿಪೋರ್ಟ್ ಅದರ ಹತ್ತಿರಕ್ಕೂ ಹೋಗಿಲ್ಲ.

ಯಂತ್ರದ ಆಸೆಗೆ ಸೇರೋರು ಎರಡನೇ ವರ್ಷಕ್ಕೇ ಬೇಜಾರಾಗುತ್ತಾರೆ, ನಮ್ಮ ಬ್ಯಾಚಲ್ಲೇ ನೋಡಿದೆ. ಒಂದೇ ಕೆಲಸವನ್ನು ದಿನಕ್ಕೆ 30 ಸಲ ಅಷ್ಟೇ ಎಚ್ಚರದಿಂದ ಮಾಡೋ ತಾಳ್ಮೆ ಇದ್ದರೆ ಧೈರ್ಯವಾಗಿ ಸೇರಿ. ಕಾಲೇಜು ನೋಡೋಕೆ ಹೋದಾಗ ಲಿನಾಕ್ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಾರೆ, ತೆಗೆಸಿಕೊಳ್ಳಿ. ಆಮೇಲೆ, ಮಾಸ್ಕ್ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳನ್ನೂ ಮಲಗಿಸುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ಬೇರೆ ಕಾಲೇಜು ನೋಡಿ.